ಸೈಬರ್ ಭದ್ರತೆ ಕಲಿಯಲು ಜರ್ಮನಿಗೆ: ಇಂಟರ್ನ್‌ಶಿಪ್‌ಗೆ ಹೊರಡುವವರಿಗೆ ಕೈಪಿಡಿ

ಎಂಜಿನಿಯರಿಂಗ್ ಓದುವ ಅನೇಕರಿಗೆ ವಿದೇಶದಲ್ಲಿ ಒಂದು ಇಂಟರ್ನ್‌ಶಿಪ್ ಮಾಡಬೇಕೆಂಬ ಆಸೆ ಇರುತ್ತದೆ. ಸೈಬರ್ ಭದ್ರತೆಯ ಮಾತು ಬಂದಾಗ ಆ ಆಸೆಯ ಜೊತೆಗೆ ಒಂದು ಅನುಮಾನವೂ ಹುಟ್ಟುತ್ತದೆ. ಇನ್ನೂ ಹೊರಗೆ ಗೊತ್ತಾಗದ ದೋಷಗಳ ಮಾಹಿತಿಯನ್ನು ಪರದೇಶದ ವಿದ್ಯಾರ್ಥಿಯ ಮುಂದೆ ಯಾರಾದರೂ ತೆರೆದಿಡುತ್ತಾರೆಯೇ? ತೆರೆದಿಡುತ್ತಾರೆ. ಜರ್ಮನಿಯ ಸಾರ್‌ಲ್ಯಾಂಡ್ ರಾಜ್ಯದ ಸಂಶೋಧನಾ ತಂಡವೊಂದರಲ್ಲಿ ಒಂದು ಬೇಸಿಗೆ ಕೆಲಸ ಮಾಡಿದ ಅನುಭವದಿಂದ ಈ ಮಾತು ಹೇಳುತ್ತಿದ್ದೇನೆ. ಅಲ್ಲಿನವರು ಅಭ್ಯರ್ಥಿಯಲ್ಲಿ ಮುಖ್ಯವಾಗಿ ಎರಡು ಗುಣ ಹುಡುಕುತ್ತಾರೆ: ಹಿಡಿದ ಕೆಲಸವನ್ನು ಮುಗಿಸಿ ಬರೆದಿಡುವ ಅಭ್ಯಾಸ, ಒಳನುಗ್ಗಲು ಬಂದರೂ ಅನುಮತಿ ಇಲ್ಲದ ಕಡೆ ಕೈ ಹಾಕದ ಸಂಯಮ. ಅಂಕಪಟ್ಟಿ, ಕಾಲೇಜಿನ ಹೆಸರು ಇವೆಲ್ಲ ಆಮೇಲಿನವು.

ಎಲ್ಲಿ ಅವಕಾಶವಿದೆ, ಎಲ್ಲಿ ಇಲ್ಲ

ಮೊದಲು ಅವಕಾಶ ಇಲ್ಲದ ಕಡೆ ತಿಳಿದುಕೊಂಡರೆ ಸಮಯ ಉಳಿಯುತ್ತದೆ. ಅಮೆರಿಕ, ಬ್ರಿಟನ್ ಮೊದಲಾದ ದೇಶಗಳ ರಕ್ಷಣಾ ಇಲಾಖೆ, ಗುಪ್ತಚರ ಸಂಸ್ಥೆಗಳು ಮತ್ತು ಅವುಗಳಿಗೆ ಕೆಲಸ ಮಾಡಿಕೊಡುವ ಕಂಪನಿಗಳು ಸಾಮಾನ್ಯವಾಗಿ ತಮ್ಮ ಪ್ರಜೆಗಳನ್ನೇ ತೆಗೆದುಕೊಳ್ಳುತ್ತವೆ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಹೆಚ್ಚು ಅವಕಾಶ ಇರುವುದು ವಿಶ್ವವಿದ್ಯಾಲಯಗಳಲ್ಲಿ, ಸಂಶೋಧನಾ ಕೇಂದ್ರಗಳಲ್ಲಿ ಮತ್ತು ಖಾಸಗಿ ಕಂಪನಿಗಳ ಭದ್ರತಾ ವಿಭಾಗಗಳಲ್ಲಿ.

ಈ ಕ್ಷೇತ್ರದಲ್ಲಿ ಜರ್ಮನಿಗೆ ಒಳ್ಳೆಯ ಹೆಸರಿದೆ. ಸಾರ್‌ಬ್ರೂಕನ್ ಪಟ್ಟಣದಲ್ಲಿರುವ ಸಿಸ್ಪಾ ಕೇಂದ್ರ 2019ರಲ್ಲಿ ಹೆಲ್ಮ್‌ಹೋಲ್ಟ್ಸ್ ಸಂಶೋಧನಾ ಕೇಂದ್ರಗಳ ಸಾಲಿಗೆ ಸೇರಿತು. ಮಾಹಿತಿ ಭದ್ರತೆಯೇ ಅದರ ಏಕೈಕ ವಿಷಯ. ಬೋಖುಮ್ ನಗರದ ರೂರ್ ವಿಶ್ವವಿದ್ಯಾಲಯದಲ್ಲಿ ಹೋರ್ಸ್ಟ್ ಗೋರ್ಟ್ಸ್ ಐಟಿ ಭದ್ರತಾ ಸಂಸ್ಥೆ 2002ರಿಂದ ಇದೆ. ಅದೇ ನಗರದಲ್ಲಿ 2019ರಲ್ಲಿ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯೂ ಭದ್ರತೆ ಮತ್ತು ಖಾಸಗಿತನದ ಅಧ್ಯಯನಕ್ಕೆಂದೇ ಹೊಸ ಕೇಂದ್ರ ತೆರೆಯಿತು. ಅದರ ಸ್ಥಾಪಕ ನಿರ್ದೇಶಕರಲ್ಲಿ ಒಬ್ಬರಾದ ಕ್ರಿಸ್ಟೋಫ್ ಪಾರ್ ಅವರ ಕ್ರಿಪ್ಟೋಗ್ರಫಿ ಪಾಠಗಳು ಯೂಟ್ಯೂಬ್‌ನಲ್ಲಿ ಉಚಿತವಾಗಿ ಸಿಗುತ್ತವೆ. ನಮ್ಮ ಕಾಲೇಜುಗಳ ಎಷ್ಟೋ ವಿದ್ಯಾರ್ಥಿಗಳು ಪರೀಕ್ಷೆಯ ಹಿಂದಿನ ವಾರ ಅವನ್ನೇ ನೋಡುತ್ತಾರೆ.

ಈ ಕೇಂದ್ರಗಳಲ್ಲಿ ಸ್ಥಾನ ಪಡೆಯಲು ಮೂರು ದಾರಿಗಳಿವೆ. ಮೊದಲನೆಯದು, ಸಂಸ್ಥೆಗಳೇ ಕರೆಯುವ ಇಂಟರ್ನ್‌ಶಿಪ್‌ಗೆ ನೇರ ಅರ್ಜಿ. ಎರಡನೆಯದು, ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆ ಡಾಡ್ ನಡೆಸುವ 'ವೈಸ್' ವಿದ್ಯಾರ್ಥಿವೇತನ. ಇದು ಭಾರತದ ವಿಜ್ಞಾನ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆಂದೇ ಇರುವ ಯೋಜನೆ. ಬೇಸಿಗೆಯಲ್ಲಿ ಎರಡು ಮೂರು ತಿಂಗಳ ಸ್ಟೈಪೆಂಡ್ ಜೊತೆಗೆ ಪ್ರಯಾಣಕ್ಕೂ ಒಂದಿಷ್ಟು ಹಣ ಕೊಡುತ್ತದೆ. ಇದು ಎಲ್ಲ ಕಾಲೇಜುಗಳಿಗೂ ಮುಕ್ತವಾಗಿಲ್ಲ. ಆಯ್ದ ಸಂಸ್ಥೆಗಳ ಪಟ್ಟಿ ಇರುತ್ತದೆ; ಅರ್ಜಿಗೆ ಮೊದಲೇ ಜರ್ಮನ್ ಪ್ರೊಫೆಸರ್ ಒಬ್ಬರ ಆಹ್ವಾನಪತ್ರವೂ ಕೈಯಲ್ಲಿರಬೇಕು. ಮೂರನೆಯ ದಾರಿ, ಪ್ರೊಫೆಸರ್‌ಗೆ ನೀವೇ ಬರೆದು ಅವರ ಯೋಜನೆಯ ಹಣದಲ್ಲಿ ಹೋಗುವುದು. ಸಾಧಾರಣ ಕಾಲೇಜಿನವರಿಗೆ ಈ ದಾರಿಯೇ ಹೆಚ್ಚು ಒದಗುತ್ತದೆ.

ಜರ್ಮನಿಯ ಆಚೆಗೂ ನೋಡುವವರು ಮೂರು ಯೋಜನೆಗಳನ್ನು ಗಮನದಲ್ಲಿಡಬಹುದು: ಕೆನಡಾದ ಮಿಟಾಕ್ಸ್ ಗ್ಲೋಬಲಿಂಕ್ 12 ವಾರಗಳದ್ದು, ಜಿನೀವಾದ ಸರ್ನ್ ಸಂಸ್ಥೆಯ ಓಪನ್‌ಲ್ಯಾಬ್ 9 ವಾರಗಳದ್ದು, ಪೂರ್ತಿ ಕಂಪ್ಯೂಟಿಂಗ್‌ಗೆ ಸಂಬಂಧಿಸಿದ್ದು, ಸ್ವಿಟ್ಜರ್ಲೆಂಡಿನ ಇಪಿಎಫ್ಎಲ್ ವಿಶ್ವವಿದ್ಯಾಲಯದ ಬೇಸಿಗೆ ಯೋಜನೆ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳಿಗೆ.

ಒಂದು ವರ್ಷ ಮೊದಲೇ ಶುರುವಾಗಬೇಕಾದ ತಯಾರಿ

'ಸೈಬರ್ ಭದ್ರತೆಯಲ್ಲಿ ಆಸಕ್ತಿ ಇದೆ' ಎಂದು ಬರೆದವರನ್ನು ಯಾವ ಪ್ರಯೋಗಾಲಯವೂ ಗಮನಿಸುವುದಿಲ್ಲ. ವೆಬ್ ಭದ್ರತೆ, ಕ್ರಿಪ್ಟೋಗ್ರಫಿ, ಸಾಫ್ಟ್‌ವೇರ್ ದೋಷಪತ್ತೆ, ಮಾಲ್‌ವೇರ್ ವಿಶ್ಲೇಷಣೆ, ಹಾರ್ಡ್‌ವೇರ್ ದಾಳಿ, ಬಳಕೆದಾರರ ವರ್ತನೆಯ ಅಧ್ಯಯನ ಇವೆಲ್ಲ ಬೇರೆ ಬೇರೆ ಶಾಖೆಗಳು. ಇವುಗಳಲ್ಲಿ ಒಂದನ್ನು ಆರಿಸಿಕೊಂಡು ಆರು ತಿಂಗಳು ಅದನ್ನೇ ಹಿಡಿದು ಕೂರಬೇಕು.

ದುಡ್ಡು ಖರ್ಚು ಮಾಡಬೇಕಾದ ಅಗತ್ಯ ಬಹಳ ಕಡಿಮೆ. ಲಿನಕ್ಸ್ ಕಮಾಂಡ್‌ಗಳು ಕೈಗೆ ಹತ್ತಲು ಓವರ್‌ದವೈರ್‌ನ 'ಬ್ಯಾಂಡಿಟ್' ಸಾಕು. ವೆಬ್ ಭದ್ರತೆಗೆ ಪೋರ್ಟ್‌ಸ್ವಿಗರ್ ಅಕಾಡೆಮಿ, ಪ್ರೋಗ್ರಾಮ್‌ನ ಒಳಗಿನ ಮೆಮೊರಿ ದೋಷಗಳಿಗೆ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಪ್ವನ್ ಕಾಲೇಜ್, ಕ್ರಿಪ್ಟೋಗ್ರಫಿಗೆ ಕ್ರಿಪ್ಟೋಹ್ಯಾಕ್, ಶುರುವಿಗೆ ಕಾರ್ನೆಗಿ ಮೆಲನ್‌ನ ಪಿಕೋಸಿಟಿಎಫ್. ಇವೆಲ್ಲ ಉಚಿತ. ಕೋರ್ಸ್ ಮಾರುವವರ ಸರ್ಟಿಫಿಕೇಟ್‌ಗಳಿಗೆ ಸಾವಿರಾರು ರೂಪಾಯಿ ಕಟ್ಟುವ ಮೊದಲು ಇವನ್ನು ಮುಗಿಸಿ.

ಆಮೇಲೆ ಸಿಟಿಎಫ್ ಸ್ಪರ್ಧೆಗಳು. ಅಭ್ಯಾಸಕ್ಕೆಂದೇ ಕಟ್ಟಿದ ವ್ಯವಸ್ಥೆಯಲ್ಲಿ ದೋಷ ಹುಡುಕಿ, ಬಚ್ಚಿಟ್ಟ ಗುರುತನ್ನು ತರುವ ಆಟ ಇದು. ಕೇರಳದಲ್ಲಿರುವ ಅಮೃತ ವಿಶ್ವವಿದ್ಯಾಪೀಠದ ಅಮೃತಪುರಿ ಕ್ಯಾಂಪಸ್‌ನ ಬಯೋಸ್ ತಂಡ ಈ ಆಟದಲ್ಲಿ ಅಂತಾರಾಷ್ಟ್ರೀಯ ಹೆಸರು ಮಾಡಿದೆ. ಬೋಖುಮ್‌ನ ಫ್ಲಕ್ಸ್‌ಫಿಂಗರ್ಸ್, ಸಾರ್‌ಬ್ರೂಕನ್‌ನ ಸಾರ್‌ಸೆಕ್ ವಿದ್ಯಾರ್ಥಿಗಳೇ ನಡೆಸುವ ತಂಡಗಳು. ಅವರು ಏರ್ಪಡಿಸುವ ಸ್ಪರ್ಧೆಗಳಲ್ಲಿ ಊರಿನಲ್ಲೇ ಕೂತು ಭಾಗವಹಿಸಬಹುದು. ನೀವು ಹೋಗಬೇಕೆಂದಿರುವ ಊರಿನ ತಂಡ ಎಂಥ ಪ್ರಶ್ನೆ ಕೇಳುತ್ತದೆ ಎಂಬುದೂ ಆಗ ತಿಳಿಯುತ್ತದೆ.

ಇಷ್ಟೆಲ್ಲ ಮಾಡುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಮಾಡಿದ್ದನ್ನು ಬರೆದಿಡುವವರು ಕಡಿಮೆ. ಒಂದು ಸಮಸ್ಯೆಯನ್ನು ಬಿಡಿಸಿದ ಮೇಲೆ ದೋಷ ಎಲ್ಲಿತ್ತು, ಯಾವ ದಾರಿ ಮುಚ್ಚಿಹೋಯಿತು, ಯಾವುದು ತೆರೆಯಿತು, ಸರಿಪಡಿಸುವುದು ಹೇಗೆ ಎಂದು ಎರಡು ಪುಟ ಸ್ಪಷ್ಟವಾಗಿ ಬರೆದು ಗಿಟ್‌ಹಬ್‌ನಲ್ಲಿ ಹಾಕಿ. ಇಂಥ ಐದಾರು ಬರಹ ಇದ್ದರೆ ನಿಮ್ಮ ಯೋಚನೆ ಹೇಗೆ ಸಾಗುತ್ತದೆ ಎಂದು ದೂರದ ಪ್ರೊಫೆಸರ್‌ಗೆ ಕಾಣುತ್ತದೆ. ಅದನ್ನು ಅಂಕಪಟ್ಟಿ ತೋರಿಸಲಾರದು.

ಕೊನೆಯದಾಗಿ, ಸಂಶೋಧನಾ ಪ್ರಬಂಧಗಳು. ಯೂಸ್‌ನಿಕ್ಸ್ ಸೆಕ್ಯುರಿಟಿ, ಎನ್‌ಡಿಎಸ್ಎಸ್, ಎಸಿಎಂ ಸಿಸಿಎಸ್, ಐಇಇಇಯ ಭದ್ರತಾ ಸಮ್ಮೇಳನ ಇವು ನಾಲ್ಕು ಈ ಕ್ಷೇತ್ರದ ದೊಡ್ಡ ವೇದಿಕೆಗಳು. ಮೊದಲ ಎರಡರ ಪ್ರಬಂಧಗಳು ಎಲ್ಲರಿಗೂ ಉಚಿತ. ನಿಮ್ಮ ಶಾಖೆಯ ಒಂದು ಪ್ರಬಂಧ ತೆಗೆದುಕೊಂಡು, ಅದರ ಜೊತೆ ಕೊಟ್ಟಿರುವ ಕೋಡನ್ನು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಓಡಿಸಿ ಅದೇ ಫಲಿತಾಂಶ ಬರುತ್ತದೆಯೇ ನೋಡಿ. ಬಂದರೂ ಬಾರದಿದ್ದರೂ ಲೇಖಕರಿಗೆ ಬರೆಯಲು ಒಂದು ಗಟ್ಟಿ ಕಾರಣ ಸಿಗುತ್ತದೆ.

ಪ್ರೊಫೆಸರ್‌ಗೆ ಬರೆಯುವ ಇ-ಮೇಲ್

ನೂರು ಜನರಿಗೆ ಒಂದೇ ಇ-ಮೇಲ್ ಕಳಿಸಿದರೆ ನೂರು ಕಡೆಯೂ ಅದು ಕಸದ ಬುಟ್ಟಿಗೆ ಹೋಗುತ್ತದೆ. ಹತ್ತು ಜನರನ್ನು ಆರಿಸಿ, ಹತ್ತು ಬೇರೆ ಬೇರೆ ಇ-ಮೇಲ್ ಬರೆಯಿರಿ. ಒಂದು ಪುಟಕ್ಕಿಂತ ಚಿಕ್ಕದಿರಲಿ. ಅದರಲ್ಲಿ ಇರಬೇಕಾದದ್ದು ಇಷ್ಟು:

1. ನೀವು ಯಾರು, ಯಾವ ಕಾಲೇಜು, ಯಾವ ಸೆಮಿಸ್ಟರ್. ಒಂದೇ ವಾಕ್ಯದಲ್ಲಿ.
2. ಅವರ ಯಾವ ಪ್ರಬಂಧ ಓದಿದಿರಿ, ಓದಿ ಏನು ಮಾಡಿ ನೋಡಿದಿರಿ, ಏನು ಪ್ರಶ್ನೆ ಉಳಿಯಿತು.
3. ನೀವು ಮಾಡಿದ ಒಂದು ಕೆಲಸ ಮತ್ತು ಅದರ ಕೊಂಡಿ.
4. ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ಬರಬಲ್ಲಿರಿ. ಹಣದ ವ್ಯವಸ್ಥೆ ಇದೆಯೇ, ಬೇಕೇ.
5. ಒಂದು ಪುಟದ ರೆಸ್ಯೂಮೆ, ಅಂಕಪಟ್ಟಿಯ ಪಿಡಿಎಫ್.

ಸಂಬೋಧನೆಯಲ್ಲಿ 'ಪ್ರೊಫೆಸರ್' ಮತ್ತು ಕುಲನಾಮ ಇರಲಿ. 'ರೆಸ್ಪೆಕ್ಟೆಡ್ ಸರ್' ಎಂದು ಬರೆಯಬೇಡಿ. ಆ ಕಡೆ ಇರುವವರು ಮಹಿಳೆಯಾಗಿರಬಹುದು. ಎರಡು ವಾರ ಉತ್ತರ ಬಾರದಿದ್ದರೆ ಒಮ್ಮೆ ನೆನಪಿಸಬಹುದು, ಆಮೇಲೆ ಮುಂದಿನವರಿಗೆ ಬರೆಯಿರಿ. ಅದೇ ತಂಡದ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಬರೆಯುವುದೂ ಒಳ್ಳೆಯ ದಾರಿ. ಇಂಟರ್ನ್‌ಗಳ ದಿನದಿನದ ಕೆಲಸ ನೋಡಿಕೊಳ್ಳುವವರು ಅವರೇ. ನನ್ನ ವಿಷಯದಲ್ಲಿ ಮೊದಲ ಉತ್ತರ ಬಂದದ್ದೂ ಅಂಥ ಒಬ್ಬರಿಂದ.

ಒಂದು ಎಚ್ಚರಿಕೆ: ಸಂಸ್ಥೆಯ ವೆಬ್‌ಸೈಟಿನಲ್ಲಿ ದೋಷ ಹುಡುಕಿ 'ನೋಡಿ, ನಿಮ್ಮ ಸರ್ವರ್‌ಗೆ ನುಗ್ಗಿದೆ, ಕೆಲಸ ಕೊಡಿ' ಎಂದು ಎಂದೂ ಬರೆಯಬೇಡಿ. ಅನುಮತಿ ಇಲ್ಲದೆ ಪರೀಕ್ಷೆ ಮಾಡಿದ್ದೇನೆ ಎಂದು ನೀವೇ ಒಪ್ಪಿಕೊಂಡ ಹಾಗಾಗುತ್ತದೆ. ನಂಬಿಕೆಯ ಮೇಲೆ ನಡೆಯುವ ಈ ಕ್ಷೇತ್ರದಲ್ಲಿ ಅಲ್ಲಿಗೆ ಕಥೆ ಮುಗಿಯಿತು.

ಮೋಸದ ಆಫರ್ ಗುರುತಿಸಿ

ವಿದೇಶದಲ್ಲಿ ಐಟಿ ಕೆಲಸ ಎಂದು ನಂಬಿಸಿ ಯುವಕರನ್ನು ಥಾಯ್ಲೆಂಡ್ ದಾರಿಯಾಗಿ ಮ್ಯಾನ್ಮಾರ್‌ಗೆ, ಹಾಗೆಯೇ ಲಾವೋಸ್, ಕಾಂಬೋಡಿಯಾಗಳಿಗೆ ಕರೆದೊಯ್ದು ಆನ್‌ಲೈನ್ ವಂಚನೆಯ ಕೇಂದ್ರಗಳಲ್ಲಿ ಕೂಡಿಹಾಕುವ ಜಾಲಗಳಿವೆ. ಭಾರತದ ವಿದೇಶಾಂಗ ಸಚಿವಾಲಯ 2022ರಿಂದಲೂ ಈ ಬಗ್ಗೆ ಎಚ್ಚರಿಸುತ್ತಿದೆ. 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನವೊಂದರಲ್ಲೇ ಇಂಥ 283 ಭಾರತೀಯರನ್ನು ಥಾಯ್ಲೆಂಡಿನ ಮೇ ಸೋಟ್‌ನಿಂದ ಕರೆತರಲಾಯಿತು. ಕಂಪ್ಯೂಟರ್ ಗೊತ್ತಿರುವ, ವಿದೇಶದ ಆಸೆಯಿರುವ ಹುಡುಗರೇ ಈ ಜಾಲಗಳ ಗುರಿ.

ಆದ್ದರಿಂದ ಈ ಲಕ್ಷಣ ಕಂಡರೆ ಹಿಂದೆ ಸರಿಯಿರಿ: ಸಂದರ್ಶನವೇ ಇಲ್ಲದ ಆಯ್ಕೆ, ವಾಟ್ಸ್‌ಆ್ಯಪ್ ಅಥವಾ ಟೆಲಿಗ್ರಾಂನಲ್ಲಷ್ಟೇ ಮಾತು, ಟೂರಿಸ್ಟ್ ವೀಸಾದಲ್ಲಿ ಬನ್ನಿ, ಅಲ್ಲಿ ಬದಲಿಸೋಣ ಎಂಬ ಭರವಸೆ, 'ಪ್ರೊಸೆಸಿಂಗ್ ಫೀ' ಕೇಳುವುದು. ಒಳ್ಳೆಯ ಸಂಶೋಧನಾ ಸಂಸ್ಥೆ ಇಂಟರ್ನ್ ಆಗಲು ದುಡ್ಡು ಕೇಳುವುದಿಲ್ಲ. ಇ-ಮೇಲ್ ಸಂಸ್ಥೆಯ ಸ್ವಂತ ಡೊಮೈನ್‌ನಿಂದ ಬಂದಿದೆಯೇ ನೋಡಿ. ಬರೆದವರ ಹೆಸರು ಸಂಸ್ಥೆಯ ಪುಟದಲ್ಲಿ ಇದೆಯೇ ಪರಿಶೀಲಿಸಿ. ಅಲ್ಲಿ ಕೊಟ್ಟ ವಿಳಾಸಕ್ಕೆ ನೀವೇ ಬರೆದು ಕೇಳಿ. ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಕಾಗದಪತ್ರ, ವೀಸಾ, ಹಣ

ಕಾಲೇಜಿನಿಂದ ಬೇಕಾದದ್ದು ಬೋನಫೈಡ್ ಸರ್ಟಿಫಿಕೇಟ್, ಎನ್‌ಒಸಿ, ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿ, ಇಬ್ಬರು ಅಧ್ಯಾಪಕರ ಶಿಫಾರಸು ಪತ್ರ. ಇಂಟರ್ನ್‌ಶಿಪ್ ಕೋರ್ಸಿನ ಭಾಗವೇ ಎಂಬುದನ್ನು ಎನ್‌ಒಸಿಯಲ್ಲಿ ಸ್ಪಷ್ಟವಾಗಿ ಬರೆಸಿ. ಜರ್ಮನಿಯಲ್ಲಿ ಪಠ್ಯದ ಭಾಗವಾದ ಕಡ್ಡಾಯ ಇಂಟರ್ನ್‌ಶಿಪ್‌ಗೆ ಕನಿಷ್ಠ ವೇತನದ ಕಾನೂನು ಅನ್ವಯಿಸುವುದಿಲ್ಲ. ಹಾಗಾಗಿ ಎಷ್ಟು ಸ್ಟೈಪೆಂಡ್ ಎಂಬುದನ್ನು ಒಪ್ಪಂದದಲ್ಲೇ ಕೇಳಿ ಪಡೆಯಬೇಕು.

ದಿನಾಂಕದ ಹೊಂದಾಣಿಕೆ ದೊಡ್ಡ ತಲೆನೋವು. ಜರ್ಮನಿಯ ಬೇಸಿಗೆ ಸೆಮಿಸ್ಟರ್‌ನ ಪಾಠಗಳು ಏಪ್ರಿಲ್‌ನಿಂದ ಜುಲೈವರೆಗೆ ನಡೆಯುತ್ತವೆ. ಆಗಸ್ಟ್‌ನಲ್ಲಿ ಬಹಳ ಮಂದಿ ರಜೆಯಲ್ಲಿರುತ್ತಾರೆ. ವಿಟಿಯು ಪರೀಕ್ಷೆಗಳು ಇದರ ಮಧ್ಯೆಯೇ ಬರಬಹುದು. ಆಹ್ವಾನಪತ್ರದ ದಿನಾಂಕ ನಿಗದಿ ಮಾಡುವ ಮೊದಲು ಎಚ್‌ಒಡಿ ಜೊತೆ ಕೂತು ಕ್ಯಾಲೆಂಡರ್ ನೋಡಿ.

ವೀಸಾ ಯಾವುದು ಎಂಬುದು ಅವಧಿ ಮತ್ತು ಹಣದ ಮೂಲವನ್ನು ಅವಲಂಬಿಸಿದೆ. 90 ದಿನಕ್ಕಿಂತ ಹೆಚ್ಚಿದ್ದರೆ ನ್ಯಾಷನಲ್ ವೀಸಾ ಬೇಕೇ ಬೇಕು. ಅದರ ಶುಲ್ಕ 75 ಯೂರೋ. ವಿದೇಶಿ ಕಾಲೇಜಿನ ವಿದ್ಯಾರ್ಥಿ ತನ್ನ ವಿಷಯಕ್ಕೆ ಸಂಬಂಧಿಸಿದ ಇಂಟರ್ನ್‌ಶಿಪ್ ಮಾಡಲು ಅಲ್ಲಿನ ಉದ್ಯೋಗ ಇಲಾಖೆಯ ಸಮ್ಮತಿ ಬೇಕಾಗಬಹುದು. ಅದಕ್ಕೆ ನಾಲ್ಕು ಸೆಮಿಸ್ಟರ್ ಮುಗಿದಿರಬೇಕು. ಎರಡನೇ ವರ್ಷದಲ್ಲೇ ಆತುರಪಡುವವರು ಇದನ್ನು ಗಮನಿಸಬೇಕು. ಸಮ್ಮತಿಯ ಅರ್ಜಿಯನ್ನು ಸಂಸ್ಥೆಯವರು ಅಲ್ಲಿಂದ ಹಾಕಬಹುದು; ಹಾಕುತ್ತಾರೆಯೇ ಎಂದು ಮೊದಲೇ ಕೇಳಿ. ಕರ್ನಾಟಕದವರ ಅರ್ಜಿಗಳನ್ನು ಬೆಂಗಳೂರಿನ ಜರ್ಮನ್ ಕಾನ್ಸುಲೇಟ್ ನೋಡುತ್ತದೆ. ಅಪಾಯಿಂಟ್‌ಮೆಂಟ್ ಸಿಗುವುದೇ ತಡವಾಗುತ್ತದೆ. ಆಹ್ವಾನಪತ್ರ ಬಂದ ವಾರವೇ ಬುಕ್ ಮಾಡಿ.

ಮನೆ ಹುಡುಕಲು ಸಂಸ್ಥೆಯ ನೆರವು ಕೇಳಿ. ವಿದ್ಯಾರ್ಥಿ ಹಾಸ್ಟೆಲ್‌ಗಳಲ್ಲಿ ರಜೆಗೆ ಊರಿಗೆ ಹೋಗುವವರ ಕೋಣೆ ಎರಡು ಮೂರು ತಿಂಗಳಿಗೆ ಸಿಗುವುದುಂಟು. ಮನೆ ತೋರಿಸದೆ, 'ಹಣ ಕಳಿಸಿ, ಬೀಗದ ಕೈ ಪೋಸ್ಟ್‌ನಲ್ಲಿ ಕಳಿಸುತ್ತೇನೆ' ಎನ್ನುವವರೆಲ್ಲ ವಂಚಕರೇ. ಮೊದಲ ಸ್ಟೈಪೆಂಡ್ ಕೈಗೆ ಬರುವವರೆಗೆ ಬಾಡಿಗೆ, ಮುಂಗಡ, ಊಟಕ್ಕೆ ಆಗುವಷ್ಟು ಹಣ ನಿಮ್ಮ ಬಳಿಯೇ ಇರಬೇಕು.

ಅಲ್ಲಿ ಮಾಡುವ ಕೆಲಸ

ಸಿನಿಮಾದಲ್ಲಿ ತೋರಿಸುವ ಹಾಗೆ ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಸುರಿಯುವುದಿಲ್ಲ. ನನಗೆ ಕೊಟ್ಟದ್ದು ಫಜಿಂಗ್ ಕೆಲಸ. ಫೈಲ್‌ಗಳನ್ನು ಓದುವ ಒಂದು ಓಪನ್ ಸೋರ್ಸ್ ಲೈಬ್ರರಿಗೆ ಅಡ್ಡಾದಿಡ್ಡಿ ಇನ್‌ಪುಟ್‌ಗಳನ್ನು ಲಕ್ಷಗಟ್ಟಲೆ ಕೊಡುತ್ತಾ, ಎಲ್ಲಿ ಮುಗ್ಗರಿಸುತ್ತದೆ ಎಂದು ಹುಡುಕುವುದು. ಮೊದಲ ಕೆಲವು ದಿನ ಆ ಲೈಬ್ರರಿಯನ್ನು ಸರಿಯಾಗಿ ಬಿಲ್ಡ್ ಮಾಡುವುದರಲ್ಲೇ ಹೋಯಿತು. ಆಮೇಲೆ ಎಎಫ್ಎಲ್ ಪ್ಲಸ್‌ಪ್ಲಸ್ ಎಂಬ ಟೂಲನ್ನು ಸರ್ವರ್‌ನಲ್ಲಿ ಹಗಲು ರಾತ್ರಿ ಓಡಲು ಬಿಟ್ಟೆವು.

ರಾಶಿ ರಾಶಿ ಕ್ರ್ಯಾಶ್ ಬರುತ್ತವೆ. ಅಷ್ಟೂ ಬೇರೆ ಬೇರೆ ದೋಷ ಎಂದುಕೊಳ್ಳಬಾರದು. ಒಂದೇ ತಪ್ಪು ನೂರು ದಾರಿಯಲ್ಲಿ ತಲೆ ಎತ್ತುತ್ತದೆ. ಅವನ್ನು ಗುಂಪು ಮಾಡಬೇಕು; ಕ್ರ್ಯಾಶ್ ಮಾಡಿಸುವ ಫೈಲನ್ನು ಕತ್ತರಿಸುತ್ತಾ ಹೋಗಿ ಕೆಲವೇ ಬೈಟ್‌ಗಳಿಗೆ ಇಳಿಸಬೇಕು; ಅಡ್ರೆಸ್‌ಸ್ಯಾನಿಟೈಸರ್ ಕೊಡುವ ವರದಿ ಓದಿ ಮೆಮೊರಿಯ ಯಾವ ಜಾಗದಲ್ಲಿ ಎಲ್ಲೆ ಮೀರಿತು ಎಂದು ಪತ್ತೆ ಹಚ್ಚಬೇಕು; ದಾಳಿಕೋರನಿಗೆ ಅದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆಯೇ ಎಂದು ವಾದಿಸಿ ತೀರ್ಮಾನಿಸಬೇಕು. ಗದ್ದೆ ಕೊಯ್ದ ಮೇಲೆ ತೂರಿ ಜಳ್ಳು ಗಟ್ಟಿ ಬೇರೆ ಮಾಡುವಂಥ ತಾಳ್ಮೆಯ ಕೆಲಸ ಇದು. ಬುದ್ಧಿವಂತಿಕೆಗಿಂತ ಶಿಸ್ತು ಹೆಚ್ಚು ಕೇಳುತ್ತದೆ.

ದೋಷ ಖಚಿತವಾದ ಮೇಲೆ ಲೈಬ್ರರಿ ಬರೆದವರಿಗೆ ಗುಟ್ಟಾಗಿ ತಿಳಿಸಬೇಕು. ಸರಿಪಡಿಸಲು ಸಮಯ ಕೊಟ್ಟು, ಆಮೇಲಷ್ಟೇ ಬಹಿರಂಗಪಡಿಸಬೇಕು. 90 ದಿನ ಎಂಬುದು ಈ ಕ್ಷೇತ್ರದಲ್ಲಿ ಬಳಕೆಯಲ್ಲಿರುವ ಗಡುವು. 2018ರ ಜನವರಿಯಲ್ಲಿ ಜಗತ್ತಿಗೆ ತಿಳಿದ ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ಪ್ರೊಸೆಸರ್ ದೋಷಗಳು ಅದಕ್ಕೂ ತಿಂಗಳುಗಳ ಮೊದಲೇ ಸಂಶೋಧಕರಿಗೆ ಗೊತ್ತಿದ್ದವು. ಕಂಪನಿಗಳು ಪರಿಹಾರ ಸಿದ್ಧಪಡಿಸಲಿ ಎಂದು ಅವರು ಬಾಯಿ ಬಿಟ್ಟಿರಲಿಲ್ಲ. ಅವರಲ್ಲಿ ಆಸ್ಟ್ರಿಯಾದ ಗ್ರಾಜ್ ತಾಂತ್ರಿಕ ವಿಶ್ವವಿದ್ಯಾಲಯದ ಯುವ ಸಂಶೋಧಕರೂ ಇದ್ದರು.

ವಾರಕ್ಕೊಮ್ಮೆ ತಂಡದ ಮೀಟಿಂಗ್, ಒಂದು ದಿನ ಪ್ರಬಂಧ ಓದುವ ಗೋಷ್ಠಿ. ಇಲ್ಲಿ ನಮ್ಮವರು ಬದಲಿಸಿಕೊಳ್ಳಬೇಕಾದ ಒಂದು ಅಭ್ಯಾಸವಿದೆ. ಮೇಷ್ಟ್ರು ಏನು ಕೇಳಿದರೂ 'ಹೂಂ ಸರ್, ಆಗುತ್ತೆ' ಎನ್ನುವುದು ನಮಗೆ ರೂಢಿ. ಅಲ್ಲಿ ಆಗಿಲ್ಲ ಎಂದರೆ ಆಗಿಲ್ಲ ಎಂದೇ ಹೇಳಬೇಕು. ಏನು ಪ್ರಯತ್ನಿಸಿದಿರಿ, ಎಲ್ಲಿ ನಿಂತಿತು ಎಂದು ವಿವರಿಸಬೇಕು. ತಂಡದಲ್ಲಿ ಪ್ರೊಫೆಸರ್ ಸೇರಿದಂತೆ ಎಲ್ಲರೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುತ್ತಿದ್ದರು. ನಾಲಿಗೆಗೆ ಅದು ಒಗ್ಗಲು ಹೊತ್ತು ಹಿಡಿಯುತ್ತದೆ, ಪ್ರಶ್ನೆ ಕೇಳುವ ಧೈರ್ಯ ಮಾತ್ರ ಬೇಗ ಬರುತ್ತದೆ. ದಿನದ ಕೆಲಸವನ್ನು ಆ ದಿನವೇ ನೋಟ್‌ಬುಕ್‌ನಲ್ಲಿ ಬರೆದಿಡಿ. ಕೊನೆಯ ವಾರದ ವರದಿ, ಮುಂದಿನ ಶಿಫಾರಸು ಪತ್ರ ಎರಡಕ್ಕೂ ಅದೇ ಆಧಾರ.

ಕಾನೂನಿನ ಗೆರೆ

ಜರ್ಮನಿಯ ದಂಡಸಂಹಿತೆಯ 202ಸಿ ಕಲಂ 2007ರಲ್ಲಿ ಬಂತು. ಅಪರಾಧದ ತಯಾರಿಗಾಗಿ ಹ್ಯಾಕಿಂಗ್ ಸಾಧನ ರೂಪಿಸುವುದು, ಪಡೆಯುವುದು, ಹಂಚುವುದು ಕೂಡ ಅದರಡಿ ಶಿಕ್ಷಾರ್ಹ. ಸಂಶೋಧನೆಗೆ ಬಳಸುವ ಟೂಲನ್ನು ಸಂಸ್ಥೆ ಕೊಟ್ಟ ಯಂತ್ರದಲ್ಲಿ, ಒಪ್ಪಿಗೆ ಇರುವ ಗುರಿಯ ಮೇಲಷ್ಟೇ ಬಳಸಿ. ಹಾಸ್ಟೆಲ್‌ನ ವೈಫೈ ಸ್ಕ್ಯಾನ್ ಮಾಡಿ ನೋಡೋಣ ಎಂಬ ಕುತೂಹಲ ಬೇಡ. ಜನರ ಮಾಹಿತಿ ಇರುವ ಡೇಟಾ ಕೈಗೆ ಬಂದರೆ 2018ರಿಂದ ಜಾರಿಯಲ್ಲಿರುವ ಯುರೋಪಿನ ಜಿಡಿಪಿಆರ್ ನಿಯಮ ಅನ್ವಯಿಸುತ್ತದೆ. ಅದನ್ನು ನಿಮ್ಮ ಪೆನ್‌ಡ್ರೈವ್‌ಗೆ, ಜಿಮೇಲ್‌ಗೆ ಹಾಕಿಕೊಳ್ಳಬಾರದು. ಗೋಪ್ಯತೆಯ ಕರಾರಿಗೆ ಸಹಿ ಹಾಕುವ ಮೊದಲು ಪೂರ್ತಿ ಓದಿ. ಕಾಲೇಜಿಗೆ ಸಲ್ಲಿಸುವ ವರದಿಯಲ್ಲಿ, ಲಿಂಕ್ಡ್‌ಇನ್‌ನಲ್ಲಿ ಏನು ಬರೆಯಬಹುದು ಎಂದು ಲಿಖಿತವಾಗಿ ಕೇಳಿ. ಭಾರತದಲ್ಲೂ ಅನುಮತಿ ಇಲ್ಲದೆ ಕಂಪ್ಯೂಟರ್ ಪ್ರವೇಶಿಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಅಪರಾಧ. ವಾಪಸು ಬಂದ ಮೇಲೂ ಈ ಗೆರೆ ಹಾಗೆಯೇ ಇರುತ್ತದೆ.

ದಿನದ ಬದುಕು, ಚುಟುಕಾಗಿ

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರವೇ ಅಕ್ಕಿ, ತರಕಾರಿ, ಮೊಸರು ತಂದಿಡಿ. ಡಾಯ್ಚ್‌ಲ್ಯಾಂಡ್ ಟಿಕೆಟ್ ಕೊಂಡರೆ ತಿಂಗಳಿಡೀ ದೇಶದಾದ್ಯಂತ ಬಸ್ಸು, ಟ್ರಾಮ್, ಲೋಕಲ್ ರೈಲುಗಳಲ್ಲಿ ಓಡಾಡಬಹುದು. 2023ರಲ್ಲಿ 49 ಯೂರೋ ಇದ್ದ ಅದರ ದರ 2025ರಲ್ಲಿ 58ಕ್ಕೆ ಏರಿತು. ಮೂರು ತಿಂಗಳಿಗೂ ಹೆಚ್ಚು ಇರುವವರು ಮನೆ ಹಿಡಿದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಪ್ರಯೋಗಾಲಯದಲ್ಲಿ ಇಂಗ್ಲಿಷ್ ಸಾಕು, ಅಂಗಡಿ ಮತ್ತು ಕಚೇರಿಗಳಲ್ಲಿ ಒಂದಿಷ್ಟು ಜರ್ಮನ್ ಇದ್ದರೆ ಅನುಕೂಲ. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಪೆಟ್ಟಿಗೆಯಲ್ಲಿರಲಿ. ಸಸ್ಯಾಹಾರಿಗಳಿಗೆ ಮೊದಲ ವಾರ ಅದೇ ಆಸರೆ.

ಈ ವರ್ಷ ಹೋಗಲಾಗದವರಿಗೆ

ವೀಸಾ ತಡವಾಗಬಹುದು, ಹಣ ಹೊಂದದಿರಬಹುದು. ಅಷ್ಟಕ್ಕೇ ಕಲಿಕೆ ನಿಲ್ಲಬೇಕಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿ ರೂಪುಗೊಂಡ ರಾಜ್ಯದ ಸೈಬರ್ ಭದ್ರತಾ ಉತ್ಕೃಷ್ಟತಾ ಕೇಂದ್ರ ಸೈಸೆಕ್ ವಿದ್ಯಾರ್ಥಿಗಳಿಗಾಗಿ ಕಾರ್ಯಕ್ರಮ ನಡೆಸಿಕೊಂಡು ಬಂದಿದೆ. ಬೆಂಗಳೂರಿನ 'ನಲ್' ಸಮುದಾಯದ ಸಭೆಗಳಿಗೆ ಪ್ರವೇಶ ಶುಲ್ಕವಿಲ್ಲ; ಕೆಲಸದಲ್ಲಿರುವ ತಜ್ಞರು ಅಲ್ಲಿ ಎದುರಿಗೇ ಸಿಗುತ್ತಾರೆ. ಓಪನ್ ಸೋರ್ಸ್ ಯೋಜನೆಯೊಂದರ ಸಣ್ಣ ಭದ್ರತಾ ದೋಷ ಸರಿಪಡಿಸಿ ಕಳಿಸಿದರೆ ಅದನ್ನು ಪರಿಶೀಲಿಸುವವರು ಹೆಚ್ಚಾಗಿ ವಿದೇಶದಲ್ಲೇ ಇರುತ್ತಾರೆ. ಮುಂದಿನ ವರ್ಷದ ಅರ್ಜಿಗೆ ಅಂಥವರ ಒಂದು ಮಾತು ದೊಡ್ಡ ಬಲ.

ಕಾಲೇಜುಗಳಲ್ಲಿ ಒಂದು ಮನವಿ: ವಿದ್ಯಾರ್ಥಿ ಆಹ್ವಾನಪತ್ರ ತಂದ ದಿನವೇ ಎನ್‌ಒಸಿಗೆ ಸಹಿ ಹಾಕಿಕೊಡಿ. ಒಂದು ವಾರದ ವಿಳಂಬದಿಂದ ವೀಸಾ ಅಪಾಯಿಂಟ್‌ಮೆಂಟ್ ತಪ್ಪಿಹೋಗಬಹುದು. ಹೋಗಿ ಬಂದವರಲ್ಲಿ ಇನ್ನೊಂದು: ನೀವು ಬರೆದ ಇ-ಮೇಲ್, ವೀಸಾಕ್ಕೆ ಕೊಟ್ಟ ಕಾಗದಗಳ ಪಟ್ಟಿ, ತಿಂಗಳ ಖರ್ಚಿನ ಲೆಕ್ಕ ಇವನ್ನು ನಿಮ್ಮ ಕಾಲೇಜಿನ ಕಿರಿಯರಿಗೆ ಕೊಡಿ. ಹಳ್ಳಿಯಿಂದ ಬಂದ, ಮನೆಯಲ್ಲಿ ಕೇಳಲು ಯಾರೂ ಇಲ್ಲದ ವಿದ್ಯಾರ್ಥಿಗೆ ಆ ಮೂರು ಕಾಗದಗಳೇ ಒಂದು ವರ್ಷವನ್ನು ಉಳಿಸಿಕೊಡಬಲ್ಲವು.